ಬ್ಯಾಟರಿ ಸೀಸದ ಗುಂಡುಗಳು

ಮಂಕಿಯ ನಮ್ಮ ಮನೆಯಂಗಳದಲ್ಲಿ ಐದಾರು ವರ್ಷ ಸೀಸ ಕರಗಿಸಿದೆವು. ಲಾರಿ, ಬಸ್ಸುಗಳ ಸತ್ತ ಬ್ಯಾಟರಿ ಒಡೆದು, ಒಳಗಿನ ಸೀಸದ ಪ್ಲೇಟುಗಳನ್ನು ತೆಗೆದು, ಕರಗಿಸಿ, ಮೀನುಬಲೆಯ ಅಡಿಹಗ್ಗಕ್ಕೆ ಕಟ್ಟುವ ಗುಂಡುಗಳನ್ನು ಎರೆಯುವುದು ನಮ್ಮ ಕೆಲಸವಾಗಿತ್ತು. ನಮ್ಮ ಎಂದು ಬರೆದೆ. ಎರೆದವಳು ನಾನು. ಆ ಮನೆಯಲ್ಲಿ ಬೇರೆ ಯಾರ ಕೈಗೂ ಅದು ಅಷ್ಟು ಚಂದ ಬರುತ್ತಿರಲಿಲ್ಲ. ಆ ಮಾತನ್ನು ಊರವರ ಬಾಯಿಂದ ಕೇಳಿ ಕೇಳಿ ನಾನು ಉಬ್ಬಿಹೋಗಿದ್ದೆ.

ನನ್ನ ತವರು ಮುರ್ಡೇಶ್ವರದ ಹತ್ತಿರ, ಕಡಲ ದಂಡೆಯ ಮೇಲೆಯೇ. ಅಪ್ಪ ದೋಣಿಗೆ ಹೋಗುವವರು. ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿ ಕೂತ ಮೇಲೆ ನನ್ನ ಕೈಗೆ ಬಂದದ್ದು ಬಲೆ ಕಟ್ಟುವ ಕೆಲಸ. ಯಾವ ಮೀನಿನ ಬಲೆಗೆ ಅಡಿಯಲ್ಲಿ ಎಷ್ಟು ಭಾರ ಬೇಕು, ಗುಂಡುಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬುದೆಲ್ಲ ನನಗೆ ಯಾರೂ ಹೇಳಿಕೊಡದೆಯೇ ಬಂದಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಮಂಕಿಗೆ ಬಂದಾಗ ಈ ತಿಳಿವಳಿಕೆಯೂ ನನ್ನ ಜೊತೆ ಬಂತು. ಅದು ಬಾರದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಗಂಡನ ಮನೆಯಲ್ಲಿ ಗಂಡ ಮತ್ತು ಅತ್ತೆ. ಗಂಡನ ಅಣ್ಣ, ಎಂದರೆ ನನ್ನ ಭಾವ, ರಸ್ತೆಯ ಆಚೆ ಬೇರೆ ಮನೆ ಮಾಡಿಕೊಂಡಿದ್ದರು. ಅವರು ಏಳೆಂಟು ವರ್ಷ ಮುಂಬಯಿಯ ಬ್ಯಾಟರಿ ಅಂಗಡಿಯೊಂದರಲ್ಲಿ ದುಡಿದು ಊರಿಗೆ ಮರಳಿದವರು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಹೊನ್ನಾವರಕ್ಕೆ ದಾಟಬೇಕಾದ ಲಾರಿಗಳು ಹೊಳೆಯ ಈಚೆಯ ಕಾಸರಕೋಡಿನಲ್ಲಿ, ಲಾರಿ ದಾಟಿಸುವ ಬಾರ್ಜಿಗೆ ಕಾಯುತ್ತ ಸಾಲಾಗಿ ನಿಂತಿರುತ್ತಿದ್ದವು. ನಿಂತ ಲಾರಿಗಳಿಗೆ ಏನಾದರೊಂದು ರಿಪೇರಿ ಇದ್ದೇ ಇರುತ್ತಿತ್ತು. ಅಲ್ಲಿ ರಸ್ತೆಬದಿಗೆ ಭಾವ ಬ್ಯಾಟರಿ ಚಾರ್ಜು ಮಾಡುವ ಅಂಗಡಿ ಹಾಕಿದರು. ನನ್ನ ಗಂಡ ಅಲ್ಲಿಯ ಕೆಲಸಗಾರ.

ಮತ್ತೆ ಚಾರ್ಜು ಹಿಡಿಯದ ಬ್ಯಾಟರಿಗಳು ಅಂಗಡಿಯ ಹಿಂದೆ ರಾಶಿ ಬೀಳುತ್ತಿದ್ದವು. ಅದೇ ಕಾಲಕ್ಕೆ ನಮ್ಮ ಕಡಲ ಬದಿಯಲ್ಲಿ ನೈಲಾನ್ ಬಲೆಗಳು, ಯಂತ್ರದ ದೋಣಿಗಳು ಬಂದವು. ಬಲೆಗಳು ದೊಡ್ಡವಾದವು, ಅವಕ್ಕೆ ಸೀಸದ ಗುಂಡು ಎಷ್ಟಿದ್ದರೂ ಸಾಲದು. ಭಾವ ಎರಡನ್ನೂ ನೋಡಿದರು. ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ನನ್ನನ್ನೇ ಕರೆದು ಕೇಳಿದರು.

"ಬಲೆ ಗುಂಡು ನಾವೇ ಮಾಡ್ಲಿಕ್ಕೆ ಬರ್ತದಾ? ನಿಂಗೆ ಗೊತ್ತಿರ್ಬೇಕಲ್ಲ."

"ಎಂತಕ್ಕೆ ಬರೂದಿಲ್ಲ ಭಾವ? ಸೀಸ ಇದ್ರೆ ಆತು."

ಹೊಸ ಸೊಸೆಯನ್ನು ಅಷ್ಟು ದೊಡ್ಡ ಮನುಷ್ಯರು ಕರೆದು ಕೇಳಿದ್ದರು. ನನಗೆ ಹಿಗ್ಗು. ಕೆಂಪು ಜೇಡಿಮಣ್ಣಿನಲ್ಲಿ ಅಚ್ಚು ಮಾಡಿ, ಹಗ್ಗ ಹೋಗುವ ತೂತಿಗಾಗಿ ಮುರಿದ ಕೊಡೆಯ ಕಡ್ಡಿಯನ್ನು ನಡುವೆ ಇಟ್ಟು ಮೊದಲ ಗುಂಡು ಎರೆದು ತೋರಿಸಿದವಳು ನಾನೇ. ಭಾವ ಅದನ್ನು ಅಂಗೈಯಲ್ಲಿ ಇಟ್ಟು ತೂಗಿದರು. ಮುಂದೆ ಕಬ್ಬಿಣದ ಅಚ್ಚು ಮಾಡಿಸಿ ತಂದುಕೊಟ್ಟರು.

ನಮ್ಮ ಅಂಗಡಿಯ ಹಳೆಯ ಬ್ಯಾಟರಿ ಸಾಲದಾದಾಗ ಭಟ್ಕಳದ ಗುಜರಿ ವ್ಯಾಪಾರಿಯೊಬ್ಬರು ಬೇರೆ ಕಡೆಯದನ್ನೂ ತರತೊಡಗಿದರು. ನಾವು ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆವು. ತಿಂಗಳಿಗೊಂದು ಸಲ ಅವರ ಗಾಡಿ ನಮ್ಮ ಅಂಗಳಕ್ಕೆ ಬರುತ್ತಿತ್ತು. ಬ್ಯಾಟರಿಯ ಆ್ಯಸಿಡ್ ನೀರನ್ನು ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆವು. ಕೊಡಲಿಯ ಹಿಂಬದಿಯಿಂದ ಪೆಟ್ಟಿಗೆ ಒಡೆದು ಪ್ಲೇಟು ತೆಗೆದು ಒಣಗಲು ಹಾಕುತ್ತಿದ್ದೆವು. ಅದರಿಂದ ಬೂದು ಬಣ್ಣದ ಹುಡಿ ಉದುರುತ್ತಿತ್ತು. ಅತ್ತೆ ದಿನಕ್ಕೆರಡು ಸಲ ಅಂಗಳ ಗುಡಿಸುತ್ತಿದ್ದರು. ಗುಡಿಸಿದಾಗ ಎದ್ದ ದೂಳು ಒಳಗಿನ ಜಗಲಿಯವರೆಗೂ ಬರುತ್ತಿತ್ತು. ತೆಂಗಿನ ಗೆರಟೆಯ ಬೆಂಕಿಯಲ್ಲಿ ಕಬ್ಬಿಣದ ಬಾಣಲೆ ಇಟ್ಟು ನಾನು ಕರಗಿಸುತ್ತಿದ್ದೆ. ಮೇಲೆ ತೇಲುವ ಕಿಟ್ಟವನ್ನು ಸೌಟಿನಿಂದ ತೆಗೆದು ಹಿತ್ತಿಲಿಗೆ ಚೆಲ್ಲುತ್ತಿದ್ದೆ. ಮಳೆಗಾಲದಲ್ಲಿ ಅಂಗಳದಲ್ಲಿ ಬೆಂಕಿ ಹಾಕಲು ಆಗದು. ಆಗ ಬಚ್ಚಲ ಒಲೆಯೇ ಗತಿ.

ಏನನ್ನೂ ಹಾಳುಮಾಡುತ್ತಿರಲಿಲ್ಲ ನಾವು. ಪ್ಲೇಟುಗಳ ನಡುವೆ ತೆಳ್ಳಗಿನ ಮರದ ಹಾಳೆಗಳಿರುತ್ತಿದ್ದವು. ಒಣಗಿಸಿ ಇಟ್ಟರೆ ಒಳ್ಳೆಯ ಸೌದೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಉರಿಸಿಕೊಳ್ಳುವ ಅಕ್ಕಪಕ್ಕದ ಹೆಂಗಸರು ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು. ಅದೇ ಹಾಳೆಗಳ ಬೆಂಕಿಯಲ್ಲಿ ಅನ್ನ ಬೇಯಿಸಿದ್ದೇನೆ, ಮೀನು ಸುಟ್ಟಿದ್ದೇನೆ. ಒಡೆಯದೆ ಉಳಿದ ಕಪ್ಪು ರಬ್ಬರಿನ ಪೆಟ್ಟಿಗೆಗಳಿಗೆ ಮಣ್ಣು ತುಂಬಿ ಬಸಳೆ ಹಾಕಿದೆ. ದಪ್ಪ ದಪ್ಪ ಎಲೆ ಬಂತು. ವಾರಕ್ಕೆರಡು ಸಲ ಅದರದೇ ಸಾರು.

ನನ್ನ ಗುಂಡುಗಳು ಭಟ್ಕಳದಿಂದ ಕುಮಟೆಯವರೆಗೆ ಹೋದವು. ಒಂದೇ ತೂಕ, ಒಂದೇ ಆಕಾರ, ತೂತಿನೊಳಗೆ ಹಗ್ಗ ತರಚುವಂಥ ಒಂದು ಮುಳ್ಳೂ ಇರುತ್ತಿರಲಿಲ್ಲ. ಬಂದರಿನಲ್ಲಿ ಮೀನು ತರಲು ಹೋದರೆ ಗುರುತಿಲ್ಲದ ದೋಣಿಯವರು ಕೇಳುತ್ತಿದ್ದರು, "ಮಂಕಿಯ ಗುಂಡು ಮಾಡೂ ಹೆಣ್ಣು ನೀನೇಯಾ?" ಅಪ್ಪನೂ ಒಮ್ಮೆ ಬಂದು ಅಂಗಳದಲ್ಲಿ ಕೂತು ಇಡೀ ಕೆಲಸ ನೋಡಿ, ಮೆಚ್ಚಿ ತಲೆ ಆಡಿಸಿ ಹೋದರು. ಅವರು ತಲೆ ಆಡಿಸಿದ್ದೇ ನನಗೆ ದೊಡ್ಡದಾಗಿತ್ತು.

ಕೆಲಸ ಸುರುವಾದ ವರ್ಷವೇ ಮಗಳು ಹುಟ್ಟಿದಳು. ಎದೆಹಾಲು ಕುಡಿಸಿ, ಬಾಣಲೆಯಿಂದ ನಾಲ್ಕು ಮಾರು ದೂರ ಗೋಣಿ ಹಾಸಿ ಮಲಗಿಸುತ್ತಿದ್ದೆ. ಬೆಂಕಿಯ ಹತ್ತಿರ ಬರದಂತೆ ನೋಡಿಕೊಂಡರೆ ಸಾಕು ಎಂದುಕೊಂಡಿದ್ದೆ. ಕೂರಲು ಕಲಿತ ಮೇಲೆ ಸುಮ್ಮನಿರಲಿ ಎಂದು ಸಣ್ಣ ಗುಂಡುಗಳನ್ನು ನೂಲಿಗೆ ಪೋಣಿಸಿ ಕೊಟ್ಟೆ. ಅವಳು ಅದನ್ನು ಕುಣಿಸುತ್ತಿದ್ದಳು, ಕೊರಳಿಗೆ ಹಾಕಿಕೊಳ್ಳುತ್ತಿದ್ದಳು, ಬಾಯಿಗೆ ಹಾಕಿ ಚೀಪುತ್ತಿದ್ದಳು. ಮೇಲಿಂದ ಬೀಳಲಿಲ್ಲ, ಬೆಂಕಿಗೆ ಬೀಳಲಿಲ್ಲ, ಗುಂಡು ನುಂಗಲಿಲ್ಲ. ನಾನು ಜಾಗ್ರತೆಯ ತಾಯಿ.

ಭಾವನ ಮಕ್ಕಳು ಮಾತ್ರ ನಮ್ಮ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಬಂದರೆ ಭಾವ ರಸ್ತೆಯ ಆಚೆಯಿಂದಲೇ ಗದರುತ್ತಿದ್ದರು. "ಅಲ್ಲಿ ಆ್ಯಸಿಡ್ ಇರ್ತದೆ, ಕಾಲು ಸುಡ್ತದೆ. ಬನ್ನಿ ಈಚೆಗೆ." ನಾನು ಅದನ್ನು ದೊಡ್ಡಸ್ತಿಕೆ ಎಂದುಕೊಂಡೆ. ಮುಂಬಯಿ ನೋಡಿ ಬಂದವರು, ಮಕ್ಕಳ ಬಟ್ಟೆ ಕೊಳೆಯಾದೀತು ಎಂದು ನೋಡುತ್ತಾರೆ ಎಂದು ಅತ್ತೆಯ ಹತ್ತಿರ ಆಡಿಕೊಂಡು ನಕ್ಕೆ.

ಎರಡು ವರ್ಷದವಳಾದಾಗ ಮಗಳು ಇಡೀ ಕೇರಿಯನ್ನು ಮಾತಾಡಿಸುತ್ತಿದ್ದಳು. ಮೂರು ತುಂಬುವ ಹೊತ್ತಿಗೆ ಮಾತು ಕಡಿಮೆಯಾಯಿತು. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಮುಖ ಬೆಳ್ಳಗೆ ಬಿಳಿಚಿಕೊಂಡಿತು. ಒಂದು ಮಧ್ಯಾಹ್ನ ಊಟದ ಬಟ್ಟಲ ಮುಂದೆ ಕೂತವಳು ಹಾಗೆಯೇ ಸೆಟೆದು, ಕಣ್ಣು ಮೇಲೆ ಮಾಡಿ, ಕೈಕಾಲು ಬಡಿಯತೊಡಗಿದಳು. ಅತ್ತೆ ಕಬ್ಬಿಣದ ಬೀಗದ ಕೈ ತಂದು ಅವಳ ಮುಷ್ಟಿಯಲ್ಲಿ ಇಟ್ಟರು. ಆ ನಡುವೆ ನನಗೆ ಎರಡು ಸಲ ಬಸಿರು ನಿಂತು ಎರಡೂ ಇಳಿದುಹೋದವು. ಅತ್ತೆ ಮಂತ್ರವಾದಿಯ ಹತ್ತಿರ ನೋಡಿಸಿಕೊಂಡು ಬಂದರು. ಮನೆಗೆ ಬಂದ ಹೆಣ್ಣಿನ ಬೆನ್ನಿಗೆ ಏನೋ ಬಂದಿದೆ ಎಂದು ಅಲ್ಲಿ ಹೇಳಿದರಂತೆ. ನೂಲು ಕಟ್ಟಿದರು, ತಾಯಿತ ಕಟ್ಟಿದರು. ಕಟ್ಟಿಸಿಕೊಂಡು ಬಂದು ನಾನು ಬಾಣಲೆ ಇಟ್ಟೆ.

ಹೊಟ್ಟೆನೋವು ಗಂಡನಿಗೂ ಇತ್ತು. ಕಷಾಯ ಕುಡಿದು ಕೆಲಸಕ್ಕೆ ಹೋಗುತ್ತಿದ್ದರು. ಮಗಳಿಗೆ ಐದು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಚಾದ ಲೋಟ ಎತ್ತಲು ಹೋದರೆ ಬಲಗೈಯ ಮುಂಗೈ ಜೋತುಬಿತ್ತು. ಬೆರಳು ಮಡಚುತ್ತದೆ, ಆದರೆ ಕೈ ಮೇಲೆ ಏಳುವುದಿಲ್ಲ. ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ಅವತ್ತೇ ಹೊರಟೆವು. ಮಗಳನ್ನು ಬಿಟ್ಟು ಹೋಗಲು ಧೈರ್ಯ ಸಾಲದೆ ಅವಳನ್ನೂ ಸೊಂಟಕ್ಕೆ ಏರಿಸಿಕೊಂಡೆ. ಹೊಳೆ ದಾಟಿ, ಹೊನ್ನಾವರದಿಂದ ಬಸ್ಸು ಹಿಡಿದು ಕುಮಟೆಗೆ ಹೋದೆವು. ಅಲ್ಲಿ ನರದ ಕಾಯಿಲೆಗೆ ಒಳ್ಳೆಯ ಡಾಕ್ಟರಿದ್ದಾರೆ ಎಂದು ಯಾರೋ ಹೇಳಿದ್ದರು.

ವಯಸ್ಸಾದ ಡಾಕ್ಟರು. ಕೈಯನ್ನು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ "ಬಾಯಿ ತೆಗೀರಿ" ಎಂದು ತುಟಿಯನ್ನು ಕೆಳಕ್ಕೆ ಎಳೆದು ಬ್ಯಾಟರಿ ದೀಪ ಹಿಡಿದರು.

"ನೀವು ಎಂತ ಕೆಲಸ ಮಾಡೂದು?"

"ಬ್ಯಾಟ್ರಿ ಅಂಗಡಿಯಲ್ಲಿ. ಪ್ಲೇಟು ಬದಲು ಮಾಡೂದು, ಚಾರ್ಜು ಮಾಡೂದು."

ಡಾಕ್ಟರು ನನ್ನನ್ನು ಕರೆದು ತೋರಿಸಿದರು. ಹಲ್ಲು ಮತ್ತು ಒಸಡು ಸೇರುವಲ್ಲಿ ಸಣ್ಣ ನೀಲಿ ಗೆರೆ, ಪೆನ್ನಿನಿಂದ ಎಳೆದ ಹಾಗೆ. "ಇದು ಸೀಸದ್ದು. ಸೀಸ ಮೈಗೆ ಸೇರಿದೆ" ಎಂದರು. ನನ್ನ ಸೊಂಟದ ಮೇಲಿದ್ದ ಮಗಳ ಮೇಲೆ ಆಗ ಅವರ ಕಣ್ಣು ಬಿತ್ತು. ಇವಳಿಗೆ ಎಂತ ಆಗಿದೆ ಎಂದು ಕೇಳಿದರು. ಹೇಳಿದೆ. ಅಂಗಳದಲ್ಲಿ ಸೀಸ ಕರಗಿಸುವ ಮಾತೂ ಬಂತು. ಹೇಳುತ್ತಾ ಹೋದಂತೆ ಅವರು ಬರೆಯುವುದನ್ನು ನಿಲ್ಲಿಸಿದರು.

"ಮನೆಯಲ್ಲಿ ಯಾರು ಕರಗಿಸೂದು?"

"ನಾನು."

"ಮಗು ಎಲ್ಲಿರ್ತದೆ ಆಗ?"

"ನನ್ನ ಹತ್ರವೇ" ಎಂದೆ. ಬೇರೆಯವರ ಹತ್ತಿರ ಬಿಡುವವಳಲ್ಲ ನಾನು ಎಂದು ಹೆಮ್ಮೆಯಿಂದ ಹೇಳಿ ರೂಢಿಯಾದ ಮಾತು ಅದು. ಅವತ್ತೂ ಅದೇ ಧ್ವನಿಯಲ್ಲಿ ಬಂತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಮಗಳನ್ನೂ ಗಂಡನನ್ನೂ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆಯತೊಡಗಿದರು. ಅಷ್ಟರಲ್ಲಿ ನನ್ನ ಗಂಡ ಅಂದರು, "ನಾವು ದಿನಾ ಹಾಲು ಕುಡೀತಿದ್ವಲ್ಲ ಡಾಕ್ಟ್ರೆ. ಅಂಗಡಿಯಲ್ಲಿ ಎಲ್ರಿಗೂ ಒಂದೊಂದು ಲೋಟ ಹಾಲು, ಬೆಲ್ಲ."

"ಹಾಲು ಕುಡಿದ್ರೆ ಹೋಗೂದಲ್ಲ ಅದು" ಎಂದರು ಡಾಕ್ಟರು.

ಆ ಮಾತು ನನ್ನ ತಲೆಯಲ್ಲಿ ಹೊನ್ನಾವರದವರೆಗೂ ತಿರುಗುತ್ತಿತ್ತು. ಹೊಳೆ ದಾಟುವಾಗ, ನೀರಿನ ನಡುವೆ, ಕೇಳಿದೆ. "ಅಂಗಡಿಯಲ್ಲಿ ಹಾಲು ಎಂತಕ್ಕೆ ಕೊಡ್ತಿದ್ರು?"

"ಪ್ಲೇಟಿನ ಹುಡಿ ಹೊಟ್ಟೆಗೆ ಹೋದ್ರೆ ಒಳ್ಳೇದಲ್ಲ ಅಂತ. ಮುಂಬಯಿಯಲ್ಲೂ ಕೊಡ್ತಿದ್ರಂತೆ, ಅಣ್ಣ ಹೇಳಿದ್ದ."

"ಸುರುವಿನಿಂದ್ಲೂ?"

"ಹ್ಞೂಂ."

"ಅದೇ ಪ್ಲೇಟು ನಾನು ಮನೆಯಲ್ಲಿ ಒಡೀತಿದ್ದೆ. ನಂಗೆ ಎಂತಕ್ಕೆ ಹೇಳ್ಲಿಲ್ಲ?"

ಅವರು ನೀರಿನ ಕಡೆ ತಿರುಗಿದರು. ಆಮೇಲೆ, "ನೆನಪಾಗ್ಲಿಲ್ಲ" ಎಂದರು.

ಸುಳ್ಳಲ್ಲ. ನನ್ನ ಗಂಡ ಸುಳ್ಳು ಹೇಳುವವರಲ್ಲ. ಅಂಗಡಿಯಲ್ಲಿ ಗಂಡಸರು ಮಾಡುವುದು ಕೆಲಸ. ಅದಕ್ಕೆ ಹಾಲು ಬೇಕು, ಬೆಲ್ಲ ಬೇಕು. ಅಂಗಳದಲ್ಲಿ ಹೆಂಡತಿ ಮಾಡುವುದು ಅಡುಗೆಯ ಹಾಗೆ, ಗುಡಿಸುವ ಹಾಗೆ. ಎರಡೂ ಒಂದೇ ಸೀಸ ಎಂದು ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ದ್ವೇಷದಿಂದ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದೆವು. ಸೂಜಿ ಮದ್ದು ಕೊಟ್ಟರು. ಮಗಳ ಫಿಟ್ಸು ನಿಂತಿತು. ಮುಖಕ್ಕೆ ರಕ್ತ ಬಂತು. ಗಂಡನ ಕೈ ಅರ್ಧ ಎದ್ದಿತು. ಬಿಡುವಾಗ ಅಲ್ಲಿಯ ಡಾಕ್ಟರು, ತಲೆಗೆ ಆದದ್ದು ಎಷ್ಟು ಸರಿಯಾಗುತ್ತದೆ ಎಂದು ಈಗ ಹೇಳಲು ಬರುವುದಿಲ್ಲ, ಬೆಳೆಯುವಾಗ ಗೊತ್ತಾಗುತ್ತದೆ ಎಂದರು.

ಮನೆಗೆ ಬಂದ ಎರಡನೆಯ ವಾರ ಸಾಹೇಬರ ಗಾಡಿ ಬಂತು. ನಾನು ಹೊಸಿಲಲ್ಲೇ ನಿಂತು, ಇನ್ನು ಇಲ್ಲಿ ಇಳಿಸಬೇಡಿ ಎಂದೆ. ಅವರು ಕಾರಣ ಕೇಳಿದರು. ಹೇಳಿದೆ. ಮಗಳು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸಾಹೇಬರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಈ ಮಗು ಇಲ್ಲಿ ಓಡಾಡೂದು ನೋಡಿ ನಾನು ಮೊದ್ಲನೇ ಸಲವೇ ನಿಮ್ಮ ಭಾವನಿಗೆ ಹೇಳಿದ್ದೆ, ತಂಗಿ. ಇದು ಮನೆಯಲ್ಲಿ ಮಾಡೂ ಕೆಲಸ ಅಲ್ಲ, ನಮ್ಮ ಕಡೆ ಒಬ್ರ ಮಗು ಹೋಗಿದೆ ಅಂತ. ಅವ್ರು, ನಾನು ನೋಡ್ಕೊಳ್ತೇನೆ ಅಂದ್ರು. ನಿಮ್ಗೆ ಹೇಳಿರ್ಬೇಕು ಅಂತ ತಿಳ್ಕೊಂಡೆ."

"ನಂಗೇ ಹೇಳ್ಬೇಕಿತ್ತು ಸಾಹೇಬ್ರೆ."

"ಹೌದು" ಎಂದರು. "ಹೇಳ್ಬೇಕಿತ್ತು. ಪರರ ಮನೆ ಹೆಂಗಸಿನ ಹತ್ರ ಹೇಗೆ ಮಾತಾಡೂದು ಅಂತ ಸುಮ್ನಾದೆ."

ಆಮೇಲೆ ಅವರು ಆ ಗಾಡಿಯನ್ನು ನಮ್ಮ ಮನೆಗೆ ತರಲಿಲ್ಲ. ತಪ್ಪನ್ನು ತಪ್ಪು ಎಂದು ನನ್ನೆದುರು ಒಪ್ಪಿಕೊಂಡ ಗಂಡಸು ಅವರೊಬ್ಬರೇ.

ಅವತ್ತೇ ಕಾಸರಕೋಡಿಗೆ ಹೋದೆ. ಹಗಲು ಹನ್ನೆರಡರ ಬಿಸಿಲು. ಅಂಗಡಿಯೆದುರು ಲಾರಿಯವರು ನಾಲ್ಕೈದು ಜನ ಕೂತಿದ್ದರು. ಅದುವರೆಗೆ ಭಾವನೆದುರು ತಲೆ ಎತ್ತಿ ಮಾತಾಡಿದವಳಲ್ಲ.

"ಭಾವ, ನಿಮ್ಗೆ ಗೊತ್ತಿತ್ತಾ?"

ಅವರಿಗೆ ಯಾವ ವಿಷಯ ಎಂದು ಕೇಳುವ ಅಗತ್ಯ ಬೀಳಲಿಲ್ಲ. "ಮನೆಗೆ ಹೋಗು. ಸಂಜೆಗೆ ಬರ್ತೇನೆ" ಎಂದರು.

"ನಿಮ್ಮ ಮಕ್ಕಳನ್ನ ನಮ್ಮ ಅಂಗಳಕ್ಕೆ ಬಿಡ್ಲಿಲ್ಲ ನೀವು."

ಲಾರಿಯವರು ಬೀಡಿ ಸೇದುವುದು ಬಿಟ್ಟು ನೋಡುತ್ತಿದ್ದರು. ಭಾವನ ಮುಖ ಕೆಂಪಾಯಿತು. "ಹೇಳಿದ್ರೆ ನೀನು ಹೆದ್ರಿ ಬಿಟ್ಟುಬಿಡ್ತಿದ್ದೆ. ಬಿಟ್ರೆ ನಿಮ್ಮ ಮನೆ ನಡೀತಿತ್ತಾ? ಮತ್ತೆ, ನಿಂಗೆ ಯಾರಾದ್ರೂ ಬಲವಂತ ಮಾಡಿದ್ರಾ? ಕುಶಿಯಿಂದ್ಲೇ ಮಾಡ್ದೆ. ಊರೆಲ್ಲ ಹೊಗಳೂದು ಕೇಳ್ಲಿಕ್ಕೆ ಚಂದ ಇತ್ತು, ಅಲ್ದಾ?"

ಅವರು ಹೇಳಿದ್ದರಲ್ಲಿ ಕೊನೆಯ ಮಾತು ಸತ್ಯವಾಗಿತ್ತು. ಬಿಸಿಲಲ್ಲಿ ಮಂಕಿಯವರೆಗೆ ನಡೆದುಕೊಂಡೇ ಬಂದೆ.

ನಾನು ಬಿಟ್ಟರೂ ಕೆಲಸ ನಿಲ್ಲಲಿಲ್ಲ. ತಿಂಗಳೊಳಗೆ ಅಚ್ಚುಗಳು ಮೈಲಿ ದೂರದ ಇನ್ನೊಂದು ಕೇರಿಗೆ ಹೋದವು. ಅಲ್ಲಿ ಗಂಡನನ್ನು ಕಡಲಲ್ಲಿ ಕಳೆದುಕೊಂಡ ಹೆಂಗಸೊಬ್ಬಳು, ಇಬ್ಬರು ಸಣ್ಣ ಮಕ್ಕಳು. ಮೂರು ಸಲ ಅವಳ ಮನೆಗೆ ಹೋದೆ. ಮೊದಲ ಸಲ ನೀರು ಕೊಟ್ಟು ಕೇಳಿಸಿಕೊಂಡಳು. ಎರಡನೆಯ ಸಲ ಮಗಳನ್ನು ಎತ್ತಿಕೊಂಡು ಹೋಗಿ ತೋರಿಸಿದೆ. "ಇದು ಹುಟ್ಟಿನಿಂದ್ಲೇ ಹೀಗೆ ಅಂತ ನಿಮ್ಮ ಅತ್ತೆ ಹೇಳ್ತಿದ್ರಪ್ಪ" ಎಂದಳು. ಮೂರನೆಯ ಸಲ ಬಾಗಿಲಲ್ಲೇ ನಿಲ್ಲಿಸಿದಳು.

"ಐದು ವರ್ಷ ನೀವು ಉಂಡ್ರಿ. ಈಗ ನಂಗೆ ಸಿಕ್ಕಿದ್ದು ನಿಮ್ಗೆ ನೋಡ್ಲಿಕ್ಕೆ ಆಗೂದಿಲ್ಲ, ಅಲ್ದಾ?"

ಅವಳ ಹಿಂದೆ ಅಂಗಳದಲ್ಲಿ ಪ್ಲೇಟುಗಳು ಒಣಗುತ್ತಿದ್ದವು. ಅವಳ ಸಣ್ಣ ಮಗ ಅದರ ನಡುವೆ ಕೂತಿದ್ದ. ನಾನು ತಿರುಗಿ ಬಂದೆ. ಆ ಮಕ್ಕಳಿಗೆ ಏನಾಯಿತೆಂದು ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯ ಇರಲಿಲ್ಲ ಎಂದು ಬರೆಯುವುದೇ ಸರಿ.

ಹಿತ್ತಿಲ ಮಣ್ಣಿನಲ್ಲಿ ಅಷ್ಟು ವರ್ಷದ ಕಿಟ್ಟ ಸೇರಿತ್ತು. ಆ್ಯಸಿಡ್ ಸುರಿದ ತೆಂಗಿನ ಮರದ ತಲೆ ಒಣಗಿ ಬಿದ್ದಿತ್ತು. ಆ ಅಂಗಳದಲ್ಲಿ ಮಗಳನ್ನು ಇನ್ನೊಂದು ವರ್ಷವೂ ಇಡುವುದಿಲ್ಲ ಎಂದು ಹಟ ಹಿಡಿದೆ. ಅತ್ತೆ ಬರಲಿಲ್ಲ, ದೊಡ್ಡ ಮಗನ ಮನೆಗೆ ಹೋದರು. ನಾವು ಮೂವರು ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಬಿಡಾರದ ಪಕ್ಕ ಸಣ್ಣ ಗುಡಿಸಲು ಹಾಕಿಕೊಂಡೆವು. ನಾನು ಗದ್ದೆ ಕೆಲಸಕ್ಕೆ ಹೋದೆ. ಏಳನೆಯ ಇಯತ್ತೆ ಓದಿದ್ದರಿಂದ ಎರಡು ವರ್ಷ ಕಳೆದು ಬಾಲವಾಡಿಯಲ್ಲಿ ಕೆಲಸ ಸಿಕ್ಕಿತು. ಗಂಡ ಒಂದು ಚಾದಂಗಡಿಯಲ್ಲಿ ಎಡಗೈಯಿಂದ ಲೋಟ ತೊಳೆದರು. ಬಾಲವಾಡಿಗೆ ಬರುವ ಪ್ರತಿ ಮಗುವಿನ ತುಟಿ ಎಳೆದು ಒಸಡು ನೋಡುವುದು ನನಗೆ ಚಟವಾಯಿತು. ಟೀಚರಿಗೆ ಹಲ್ಲಿನ ಹುಚ್ಚು ಎಂದು ತಾಯಂದಿರು ನಗುತ್ತಿದ್ದರು.

ಮಗಳನ್ನು ಶಾಲೆಗೆ ಹಾಕಿದೆ. ಒಂದನೆಯ ತರಗತಿಯಲ್ಲಿ ಮೂರು ವರ್ಷ, ಎರಡನೆಯದರಲ್ಲಿ ಎರಡು ವರ್ಷ ಕೂತಳು. ತನ್ನ ಅರ್ಧ ಎತ್ತರದ ಮಕ್ಕಳ ನಡುವೆ ಕೂತು ಸ್ಲೇಟಿನ ಮೇಲೆ ಒಂದೇ ಅಕ್ಷರವನ್ನು ಇಡೀ ದಿನ ತಿದ್ದುತ್ತಿದ್ದಳು. ಕೊನೆಗೆ ಮಾಸ್ತರು ನನ್ನನ್ನು ಕರೆಸಿ, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ಶಾಲೆ ಬಿಡಿಸಿದ ಕಾರಣ ಎಂದು ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕಿತ್ತು. ಎಂತ ಬರೆಯಲಿ ಎಂದು ಕೇಳಿದರು. ನಾನು ಮಗಳ ಸ್ಲೇಟು ಎತ್ತಿಕೊಂಡೆ. ಅವರೇ "ಮನೆಗೆಲಸ" ಎಂದು ಬರೆದರು.

ಶರಾವತಿಗೆ ಸೇತುವೆ ಆದ ಮೇಲೆ ಕಾಸರಕೋಡಿನಲ್ಲಿ ಲಾರಿಗಳು ನಿಲ್ಲುವುದು ತಪ್ಪಿತು. ಭಾವ ಅಂಗಡಿ ಎತ್ತಿ ಕುಮಟೆಯಲ್ಲಿ ಬಿಡಿಭಾಗಗಳ ದೊಡ್ಡ ಅಂಗಡಿ ಹಾಕಿದರು. ಅಲ್ಲಿ ಅವರಿಗೆ ಒಳ್ಳೆಯ ಹೆಸರು ಬಂತು. ಏನೂ ಇಲ್ಲದಲ್ಲಿಂದ ಮೇಲೆ ಬಂದವರು, ಗುಜರಿಯಿಂದ ಬದುಕು ಕಟ್ಟಿದವರು ಎಂದು ಜನ ಹೇಳುವುದನ್ನು ನಾನೇ ಬಸ್ಸಿನಲ್ಲಿ ಕೇಳಿದ್ದೇನೆ. ಒಂದು ಸಲ ನಮ್ಮಲ್ಲಿಗೆ ಬಂದರು. ಮಗಳಿಗೆ ಹೊಸ ಲಂಗ ತಂದಿದ್ದರು. ಅವಳು ಕುಶಿಯಿಂದ ತೊಟ್ಟು ಅವರೆದುರೇ ಸುತ್ತು ತಿರುಗಿದಳು. ಹದಿಮೂರು ವರ್ಷದ ಹುಡುಗಿ, ನಾಲ್ಕು ವರ್ಷದವಳ ಹಾಗೆ. ಭಾವ ಅದನ್ನು ನೋಡಲಾರದೆ ಚಪ್ಪಲಿ ಮೆಟ್ಟಿ ಎದ್ದರು. ನಾನು ಕೂರಿ ಎನ್ನಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಹೃದಯ ನಿಂತು ತೀರಿಕೊಂಡರು. ಸುದ್ದಿ ಬಂದಾಗ ನನ್ನ ಗಂಡ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ನೀನು ಬರೂದಿಲ್ವಾ?" ಎಂದರು.

"ಇಲ್ಲ."

"ಜನ ಎಂತ ಹೇಳ್ತಾರೆ?"

"ಹೇಳ್ಲಿ."

ಅವರು ಒಬ್ಬರೇ ಹೋದರು. ಮರುದಿನ ಮಧ್ಯಾಹ್ನ ಬಂದು ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ ಊಟಕ್ಕೆ ಕೂತರು. ತುಂಬ ಜನ ಸೇರಿದ್ದರು ಎಂದರು. ನಾನು ಗಂಜಿ ಬಡಿಸಿದೆ. ಮಗಳು ಅಪ್ಪನ ಪಕ್ಕದಲ್ಲಿ ಕೂತು, ದೊಡ್ಡಪ್ಪ ಯಾವಾಗ ಬರುತ್ತಾರೆ ಎಂದು ಕೇಳಿದಳು. ಅವರು ನನ್ನ ಕಡೆ ನೋಡಿದರು, ನಾನು ಹೇಳಲಿ ಎಂದು. ನಾನು ಹೇಳಲಿಲ್ಲ. ಅವರೂ ಹೇಳಲಿಲ್ಲ. ಅವಳು ಇನ್ನೂ ಎರಡು ಸಲ ಕೇಳಿ, ಮರೆತು, ಗಂಜಿ ಉಣ್ಣತೊಡಗಿದಳು.